ಕುಂಟದ ಹಕ್ಕಿಯ ಹೆಸರು

ಖಂಜನ

‘ಕಂಜನೇತ್ರೆ’ಯನ್ನೂ ‘ಖಂಜನನೇತ್ರೆ’ಯನ್ನೂ ಒಂದೇ ಎಂದುಕೊಳ್ಳುವವರಿದ್ದಾರೆ. ಕಂಜವೆಂದರೆ ನೀರಿನಲ್ಲಿ ಹುಟ್ಟಿದ್ದು, ಕಮಲ. ಖಂಜನವೆಂದರೆ ಹಕ್ಕಿ, ಸಿಪಿಲೆ ಎಂದೋ ಕುಂಡೆಕುಸ್ಕ ಎಂದೋ ನಾವು ಕರೆಯುವ, ಬಾಲ ಕುಣಿಸುವ ಪುಟ್ಟ ಹಕ್ಕಿ. ಒಬ್ಬಳದು ಅರಳುಗಣ್ಣು, ಇನ್ನೊಬ್ಬಳದು ಚಂಚಲ ಕಣ್ಣು.

ಸಂಸ್ಕೃತದ ‘ಖಂಜ’ ಎಂದರೆ ಕುಂಟ. ಅದೇ ಧಾತುವಿನಿಂದ ಖಂಜನ, ಖಂಜರೀಟ ಎಂಬ ಹೆಸರುಗಳು ಬಂದವೆನ್ನುತ್ತಾರೆ. ಆದರೆ ಈ ಹಕ್ಕಿ ಕುಂಟುವುದಿಲ್ಲ. ಗುಬ್ಬಿಯಂತೆ ಕುಪ್ಪಳಿಸದೆ ಒಂದೊಂದೇ ಕಾಲಿಟ್ಟು ಸರಸರ ಓಡುತ್ತದೆ, ತಟ್ಟನೆ ನಿಲ್ಲುತ್ತದೆ, ಬಾಲವನ್ನು ಮೇಲೆ ಕೆಳಗೆ ಆಡಿಸುತ್ತದೆ. ಈ ತಡೆತಡೆದ ನಡೆಯೇ ಹೆಸರಿಟ್ಟವರ ಕಣ್ಣಿಗೆ ಬಿದ್ದಿರಬೇಕು.

ಕವಿಗಳು ಹೆಣ್ಣಿನ ಕಣ್ಣಿಗೆ ಇದನ್ನು ಹೋಲಿಸಿದ್ದು ಎಷ್ಟು ಸರಿ ಎಂಬುದು ಕೆರೆಯ ಕಲ್ಲಿನ ಮೇಲೆ ಕೂತ ಬಿಳಿಹುಬ್ಬಿನ ಸಿಪಿಲೆಯನ್ನು ನೋಡಿದರೆ ತಿಳಿಯುತ್ತದೆ: ಕಪ್ಪು ತಲೆ, ಅದರಲ್ಲಿ ಬಳಿದಂಥ ಬಿಳಿ ಹುಬ್ಬು, ಅರೆಗಳಿಗೆಯೂ ನಿಲ್ಲದ ಚಲನೆ. ವರಾಹಮಿಹಿರನಂತೂ ‘ಬೃಹತ್ಸಂಹಿತೆ’ಯಲ್ಲಿ ಖಂಜನದ ಶಕುನಕ್ಕೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ.

ಹಿಂದಿ, ಬಂಗಾಳಿಗಳಲ್ಲಿ ಖಂಜನ್ ಇಂದಿಗೂ ಆಡುಮಾತು. ತಮಿಳಿನವರಿಗೆ ಇದು ವಾಲಾಟ್ಟಿ, ಮಲಯಾಳಿಗಳಿಗೆ ವಾಲುಕುಲುಕ್ಕಿ. ಎರಡೂ ಬಾಲ ಆಡಿಸುವ ಹಕ್ಕಿಯೇ. ನಮ್ಮ ಕುಂಡೆಕುಸ್ಕವೂ ಅದೇ ಸಾಲಿನದು. ಆ ಹೆಸರನ್ನು ಬರೆಯಲು ನಾಚಿಕೊಂಡು ಖಂಜನದ ಮೊರೆ ಹೋಗುವವರಿದ್ದಾರೆ, ನಾಚಿಕೆಗೆ ಕಾರಣವಿಲ್ಲ. ಪದ್ಯಕ್ಕೆ ಖಂಜನವಿರಲಿ, ಗದ್ದೆಯ ಬದುವಿನಲ್ಲಿ ಕಂಡಾಗ ಕುಂಡೆಕುಸ್ಕವೆಂದೇ ಕರೆಯೋಣ.