ಲೈಡನ್ ನಗರದ ಪ್ರಾಚ್ಯವಿದ್ಯಾ ಪರಿಷತ್ತೂ ಲಿಪಿಯ ಪ್ರಶ್ನೆಯೂ

ಕೆಲವು ನಗರಗಳು ಅರಸರ ಅರಮನೆಗಳಿಂದಲೂ ಕೆಲವು ವ್ಯಾಪಾರದಿಂದಲೂ ಪ್ರಖ್ಯಾತಿಯನ್ನು ಪಡೆದಿರುವುವು. ಹಾಲೆಂಡ್ ದೇಶದ ಲೈಡನ್ ನಗರವಾದರೋ ಕಷ್ಟದಲ್ಲಿ ಹುಟ್ಟಿದ ವಿದ್ಯೆಯಿಂದ ಪ್ರಖ್ಯಾತವಾದುದು. ಸ್ಪೇನಿನ ಸೈನ್ಯವು ಈ ಪಟ್ಟಣವನ್ನು ಮುತ್ತಿದಾಗ ಜನರು ಹಸಿವಿನಿಂದಲೂ ರೋಗದಿಂದಲೂ ಸಾವಿರಾರು ಸಂಖ್ಯೆಯಲ್ಲಿ ಮಡಿದರು. ಕಡೆಗೆ ತಮ್ಮ ದೇಶದ ಒಡ್ಡುಗಳನ್ನು ತಾವೇ ಒಡೆದು, ನೆಲದ ಮೇಲೆ ನೀರನ್ನು ಹರಿಸಿ, ಆ ನೀರಿನ ಮೇಲೆ ದೋಣಿಗಳನ್ನು ತಂದು, 1574ನೆಯ ಅಕ್ಟೋಬರ್ 3ರಂದು ಊರನ್ನು ಬಿಡಿಸಿಕೊಂಡರು. ಮರುವರ್ಷ 1575ರ ಫೆಬ್ರುವರಿಯಲ್ಲಿ ಅಲ್ಲಿ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಸುಂಕದ ಮಾಫಿಯನ್ನು ಬೇಡುವಿರೋ ವಿದ್ಯಾಲಯವನ್ನು ಬೇಡುವಿರೋ ಎಂದು ರಾಜಕುಮಾರ ವಿಲಿಯಮನು ಕೇಳಲು, ಪುರಜನರು ವಿದ್ಯೆಯನ್ನೇ ಆರಿಸಿಕೊಂಡರೆಂದು ಐತಿಹ್ಯವುಂಟು.

ಇಂತಹ ಊರಿನಲ್ಲಿ 1883ನೆಯ ಸೆಪ್ಟೆಂಬರ್ ತಿಂಗಳಿನಲ್ಲಿ ಆರನೆಯ ಅಂತರರಾಷ್ಟ್ರೀಯ ಪ್ರಾಚ್ಯವಿದ್ಯಾ ಪರಿಷತ್ತು ನೆರೆಯಿತು. ಈ ಪರಿಷತ್ತು 1873ರಲ್ಲಿ ಪ್ಯಾರಿಸಿನಲ್ಲಿ ಮೊದಲಾಗಿ, ಲಂಡನ್, ಪೀಟರ್ಸ್‌ಬರ್ಗ್, ಫ್ಲಾರೆನ್ಸ್, ಬರ್ಲಿನ್ ನಗರಗಳನ್ನು ದಾಟಿ ಅಲ್ಲಿಗೆ ಬಂದಿದ್ದಿತು. ಲೈಡನ್ನಿನ ಸಂಸ್ಕೃತ ಪೀಠದಲ್ಲಿ ಆಗ ಹೆಂಡ್ರಿಕ್ ಕೆರ್ನರು ಅಧ್ಯಾಪಕರಾಗಿದ್ದರು. ಇವರು ಕಾಶಿಯ ವಿದ್ಯಾಲಯದಲ್ಲಿ ಪಾಠ ಹೇಳಿ ಹೋದವರು; ಆರ್ಯಭಟೀಯವನ್ನು ಪರಮೇಶ್ವರನ ವ್ಯಾಖ್ಯಾನದೊಡನೆ 1874ರಲ್ಲಿ ಲೈಡನ್ನಿನಲ್ಲಿಯೇ ಅಚ್ಚು ಮಾಡಿಸಿದವರು. ಭಾರತದ ವಿದ್ಯೆಗೆ ಆ ಊರು ಅಪರಿಚಿತವಾಗಿರಲಿಲ್ಲ. ಆದರೆ ಪೂರ್ವದೇಶಗಳ ವಿದ್ಯೆಯನ್ನು ಚರ್ಚಿಸುವ ಆ ಸಭೆಗಳಲ್ಲಿ ಪೂರ್ವದೇಶದ ಪಂಡಿತರು ಮಾತ್ರ ಅತಿ ವಿರಳರಾಗಿದ್ದರು.

ಆ ವಿರಳರಲ್ಲಿ ಒಬ್ಬರು ಶ್ಯಾಮಜಿ ಕೃಷ್ಣವರ್ಮರು. ಇವರು 1857ರಲ್ಲಿ ಕಚ್ಛದ ಮಾಂಡವಿಯಲ್ಲಿ ಜನಿಸಿದರು. ಮುಂಬಯಿಯಲ್ಲಿ ಇಂಗ್ಲಿಷ್ ವಿದ್ಯೆಯೊಡನೆ ಪಾಠಶಾಲೆಯ ಕ್ರಮದಲ್ಲಿ ಸಂಸ್ಕೃತವನ್ನೂ ಕಲಿತರು. ಬ್ರಾಹ್ಮಣ ಕುಲದವರಲ್ಲದಿದ್ದರೂ 1877ರಲ್ಲಿ ಕಾಶಿಯಲ್ಲಿ ಪಂಡಿತರೆಂಬ ಬಿರುದಿಗೆ ಪಾತ್ರರಾದರು. ಮುಂದೆ 1879ರಲ್ಲಿ ಆಕ್ಸ್‌ಫರ್ಡಿಗೆ ತೆರಳಿ, ಮೋನಿಯರ್ ವಿಲಿಯಮ್ಸರಿಗೆ ಸಹಾಯಕರಾಗಿದ್ದುಕೊಂಡೇ ತಾವೂ ವಿದ್ಯಾರ್ಥಿಗಳಾದರು. 1881ರ ಬರ್ಲಿನ್ ಪರಿಷತ್ತಿನಲ್ಲಿ ಸಂಸ್ಕೃತವು ಭಾರತದಲ್ಲಿ ಇನ್ನೂ ಜೀವಂತವಾದ ಭಾಷೆಯೆಂದು ಅವರು ಪ್ರತಿಪಾದಿಸಿದ್ದರು. ಲೈಡನ್ನಿಗೆ ಬಂದಾಗ ಅವರಿಗೆ ಇಪ್ಪತ್ತಾರು ವರುಷ ತುಂಬಿರಲಿಲ್ಲ. ಅಲ್ಲಿ ಅವರು ಎತ್ತಿಕೊಂಡ ವಿಷಯವು ಪ್ರಾಚೀನ ಭಾರತದಲ್ಲಿ ಲಿಪಿಯ ಉಪಯೋಗ.

ಈ ಪ್ರಶ್ನೆಯು ಕೇವಲ ಅಕ್ಷರಗಳ ಪ್ರಶ್ನೆಯಾಗಿರಲಿಲ್ಲ. ಪಾಣಿನಿಯ ಪರಿಭಾಷೆಯಲ್ಲಿ ಬರವಣಿಗೆಯನ್ನು ಸೂಚಿಸುವ ಶಬ್ದವೊಂದೂ ಇಲ್ಲವೆಂದು ಮ್ಯಾಕ್ಸ್ ಮುಲ್ಲರರು 1859ರ ತಮ್ಮ ಗ್ರಂಥದಲ್ಲಿ ಬರೆದಿದ್ದರು; ಗೋಲ್ಡ್‌ಸ್ಟೂಕರರು 1861ರಲ್ಲಿ ಅದನ್ನು ಖಂಡಿಸಿದ್ದರು. ಲಿಪಿಯಿಲ್ಲದ ಜನಾಂಗವು ಹಿಂದುಳಿದ ಜನಾಂಗವೆಂಬ ಭಾವನೆಯು ಆ ಕಾಲದಲ್ಲಿ ಪ್ರಬಲವಾಗಿದ್ದುದರಿಂದ, ಲಿಪಿಯ ಪ್ರಾಚೀನತೆಯನ್ನು ಅಲ್ಲಗಳೆದರೆ ಇಡೀ ನಾಗರಿಕತೆಯ ಮಾನಕ್ಕೇ ಕುಂದು ಬರುವಂತಿದ್ದಿತು. ಪಾಠಶಾಲೆಯ ಶಿಷ್ಯನಿಗಾದರೋ ಇನ್ನೊಂದು ಸತ್ಯವೂ ತಿಳಿದಿದ್ದಿತು. ಕಂಠಸ್ಥ ಮಾಡುವುದು ಲಿಪಿಯ ಅಭಾವದಿಂದ ಹುಟ್ಟಿದ ಉಪಾಯವಲ್ಲ. ಪುಸ್ತಕವು ಕೈಯಲ್ಲಿದ್ದರೂ ಗುರುಮುಖದಿಂದಲೇ ಕಲಿಯುವುದು ಇಲ್ಲಿಯ ಕ್ರಮ. ಬಾಯಿಪಾಠವೂ ಬರವಣಿಗೆಯೂ ಪರಸ್ಪರ ವಿರೋಧಿಗಳಲ್ಲ. ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದ ಸೂತ್ರವೊಂದರಲ್ಲಿ ‘ಲಿಪಿ’ ಶಬ್ದವೇ ಪಠಿತವಾಗಿದ್ದು, ಅದರಿಂದ ‘ಲಿಪಿಕರ’ ಎಂಬ ರೂಪವು ಸಿದ್ಧಿಸುತ್ತದೆ. ಬರೆಯುವವನೇ ಇಲ್ಲದ ನಾಡಿನಲ್ಲಿ ಬರೆಯುವವನಿಗೆ ಹೆಸರೇಕೆ?

ಅದೇ ಪರಿಷತ್ತಿಗೆ ಮದೀನಾ ನಗರದ ವಿದ್ವಾಂಸರಾದ ಅಮೀನ್ ಅಲ್ ಮದನಿಯವರೂ ಬಂದಿದ್ದರು. ಆಮ್‌ಸ್ಟರ್‌ಡಾಮಿನ ಪ್ರದರ್ಶನಕ್ಕೆ ಅವರು ತಂದಿದ್ದ ಅರಬ್ಬೀ ಹಸ್ತಪ್ರತಿಗಳು ಆರುನೂರಕ್ಕೂ ಮಿಕ್ಕಿದ್ದು, ಬ್ರಿಲ್ ಎಂಬ ಪ್ರಕಾಶಕರ ಮೂಲಕ ಲೈಡನ್ನಿನ ಭಾಂಡಾರವನ್ನು ಸೇರಿದುವು. ಅವರು ತಾವು ಕಂಡುದನ್ನು ಅರಬ್ಬೀ ಪತ್ರಿಕೆಗೆ ಬರೆದು ಕಳುಹಿದರು. ಸ್ನೌಕ್ ಹುರ್ಗ್ರೋನ್ಯೆಯವರು ಅದನ್ನು ಡಚ್ ಭಾಷೆಗೆ ಪರಿವರ್ತಿಸಿದರು. ಹೀಗೆ ನೋಡಲ್ಪಡುವವರೇ ನೋಡುವವರೂ ಆದುದು ಆ ಪರಿಷತ್ತಿನ ಒಂದು ವಿಶೇಷವು. ಆದರೂ ಓಲೆಗಳು ಹೋದ ಊರಿಗೇ ಓದುವವರೂ ಹೋಗಬೇಕಾಗುವುದೆಂಬ ಮಾತನ್ನು ಗ್ರಂಥಗಳನ್ನು ಕಾಯುವವರು ಮರೆಯಲಾಗದು.

ಪರಿಷತ್ತು ಮುಗಿದ ಒಂಬತ್ತು ವರುಷಗಳ ತರುವಾಯ, 1892ರಲ್ಲಿ, ಕನ್ನಡ ನಾಡೇ ಈ ವಿಷಯದಲ್ಲಿ ಒಂದು ಸಾಕ್ಷಿಯನ್ನು ನುಡಿಯಿತು. ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಬಿ. ಎಲ್. ರೈಸರು ಅಶೋಕನ ಶಾಸನಗಳನ್ನು ಕಂಡುಹಿಡಿದರು. ಶಾಸನದ ಕೊನೆಯಲ್ಲಿ ಚಪಡನೆಂಬ ಬರಹಗಾರನು ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕರ’ನೆಂಬ ತನ್ನ ವೃತ್ತಿಯನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿಯು ವಾಯವ್ಯ ಪ್ರಾಂತದ ಲಿಪಿ. ಪಾಣಿನಿಯ ಶಾಲಾತುರವೂ ಆ ಪ್ರಾಂತದ್ದೇ. ವೈಯಾಕರಣನ ಸೂತ್ರದಲ್ಲಿದ್ದ ಶಬ್ದವು ನಮ್ಮ ಬಂಡೆಯ ಮೇಲೆ ಒಬ್ಬ ದುಡಿಯುವ ಮನುಷ್ಯನ ಬಿರುದಾಗಿ ನಿಂತಿತು.

ಇಷ್ಟರಿಂದಲೇ ಪಾಣಿನಿಯ ಕಾಲದ ಬರವಣಿಗೆಯು ಸಿದ್ಧವಾಯಿತೆಂದು ಹೇಳಲಾಗದು. ಅಶೋಕನು ಪಾಣಿನಿಗಿಂತ ಈಚಿನವನು. ಮೊಹೆಂಜೊದಾರೋ ಮುದ್ರೆಗಳ ಸುದ್ದಿಯು 1924ರಲ್ಲಿ ಲೋಕಕ್ಕೆ ತಿಳಿದರೂ ಆ ಲಿಪಿಯನ್ನು ಸರ್ವಸಮ್ಮತವಾಗಿ ಓದಿದವರಿಲ್ಲ. ವಾದವು ಇನ್ನೂ ಮುಗಿದಿಲ್ಲ. ಅಭಿಮಾನವು ಪ್ರಶ್ನೆಯನ್ನು ಎತ್ತಬಲ್ಲುದು. ಉತ್ತರವನ್ನು ಪ್ರಮಾಣವೇ ಕೊಡಬೇಕು.

ಶ್ಯಾಮಜಿಯವರು ಮುಂದೆ ಸಂಸ್ಥಾನಗಳ ದಿವಾನಗಿರಿಯನ್ನು ನಡೆಸಿ, 1905ರಲ್ಲಿ ಲಂಡನ್ನಿನಲ್ಲಿ ಇಂಡಿಯಾ ಹೌಸನ್ನು ಸ್ಥಾಪಿಸಿ, ದೇಶದ ಸ್ವಾತಂತ್ರ್ಯಕ್ಕಾಗಿ ದುಡಿದು, 1930ರಲ್ಲಿ ಜಿನೀವಾದಲ್ಲಿ ಪರದೇಶಿಗಳಾಗಿಯೇ ದೇಹವಿಟ್ಟರು. ಅವರ ಅಸ್ಥಿಯು 2003ರಲ್ಲಿ ಸ್ವದೇಶವನ್ನು ಸೇರಿತು. ರಾಜಕಾರಣದಲ್ಲಿ ಅವರು ಆಡಿದ ಮಾತಿಗೆ ಬಹುಮಂದಿ ಕಿವಿಗೊಟ್ಟಿರುವರು. ಅದಕ್ಕೆ ಮೊದಲೇ ವಿದ್ವತ್ಸಭೆಯಲ್ಲಿ ನಿಂತು, ನಮ್ಮ ವಿದ್ಯೆಯ ವಿಷಯವನ್ನು ನಾವೂ ಹೇಳಬಲ್ಲೆವೆಂದು ತೋರಿದ ಆ ತರುಣ ಪಂಡಿತರೂ ಸ್ಮರಣೀಯರೇ ಸರಿ.