ಕಾಲುಮಗ್ಗಿಯಿಂದ ಬೀಜಗಣಿತಕ್ಕೆ: ನಮ್ಮ ಮಕ್ಕಳ ಲೆಕ್ಕದ ಪಾಠ

ರಾಜ್ಯೋತ್ಸವದ ಸಂಚಿಕೆಯೆಂದರೆ ಪಂಪ ರನ್ನರನ್ನೂ ಬೇಲೂರು ಹಂಪೆಗಳನ್ನೂ ನೆನೆಯುವುದು ವಾಡಿಕೆ. ಈ ಸಲ ನಾವು ಲೆಕ್ಕದ ಪಾಠವನ್ನು ಎತ್ತಿಕೊಂಡಿದ್ದೇವೆ. ಕಾರಣವಿಷ್ಟೆ. ಖಡಕಿಯಲ್ಲಿ ನೆಲೆಸಿದ ನಮ್ಮ ಮನೆಗಳ ಮಕ್ಕಳು ಮುಂದೆ ಏನಾಗುವರೆಂಬುದು ಬಹುಮಟ್ಟಿಗೆ ಆರು, ಏಳು, ಎಂಟನೆಯ ಇಯತ್ತೆಗಳಲ್ಲಿಯೇ ಗೊತ್ತಾಗಿಬಿಡುತ್ತದೆ. ಅಲ್ಲಿ ಅವರು ಎಡವುವುದು ಹೆಚ್ಚಾಗಿ ಲೆಕ್ಕದಲ್ಲಿ.

ಲೆಕ್ಕವು ಕನ್ನಡ ನಾಡಿಗೆ ಹೊರಗಿನಿಂದ ಬಂದ ವಿದ್ಯೆಯಲ್ಲ. ‘ಕವಿರಾಜಮಾರ್ಗ’ ಹುಟ್ಟಿದ ನೃಪತುಂಗನ ಕಾಲದಲ್ಲಿಯೇ, ಸುಮಾರು ಕ್ರಿ. ಶ. 850ರಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ಬರೆದನು. ಅಡಿಗೆ, ಸಂಗೀತ, ಛಂದಸ್ಸು, ವಾಸ್ತು, ವೈದ್ಯ ಎಲ್ಲಕ್ಕೂ ಗಣಿತವೇ ಬೇಕೆಂದು ಅವನು ಮೊದಲಿಗೇ ಹೇಳುತ್ತಾನೆ. ಭಿನ್ನರಾಶಿ, ತ್ರೈರಾಶಿ, ಬಡ್ಡಿ, ಬಂಗಾರದ ಬಣ್ಣದ ಲೆಕ್ಕ, ಹೊಲದ ಕ್ಷೇತ್ರಫಲ, ತೋಡಿದ ಗುಂಡಿಯ ಘನಫಲ, ನೆರಳಿನ ಅಳತೆ ಹೀಗೆ ಅವನ ಗ್ರಂಥ ಸಾಗುತ್ತದೆ. ಇಂದಿನ ಮಾಧ್ಯಮಿಕ ಶಾಲೆಯ ಪಾಠಪಟ್ಟಿಯನ್ನು ಪಕ್ಕದಲ್ಲಿಟ್ಟರೆ ಅರ್ಧಕ್ಕಿಂತ ಹೆಚ್ಚು ತಾಳೆಯಾದೀತು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೆಯೇ ಉಳಿಯುವುದೆಂದು ಅವನು ಬರೆದದ್ದು ತಪ್ಪು. ಇರಲಿ, ಅವನಿಗೆ ಆಟದ ಬುದ್ಧಿಯೂ ಇತ್ತು. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಹಾರ ಬರುವುದನ್ನು ಅವನೇ ತೋರಿಸಿಕೊಟ್ಟಿದ್ದಾನೆ. ಮನೆಯ ಹುಡುಗರಿಗೆ ಇದನ್ನು ಮಾಡಲು ಹೇಳಿ ನೋಡಬೇಕು.

ಹನ್ನೆರಡನೆಯ ಶತಮಾನದ ರಾಜಾದಿತ್ಯನು ಇನ್ನೊಂದು ಹೆಜ್ಜೆ ಮುಂದೆ ಹೋಗಿ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ರಚಿಸಿದನು. ಅವನು ಪೂವಿನಬಾಗೆಯವನು, ಎಂದರೆ ಬೆಳಗಾವಿ ಜಿಲ್ಲೆಯ ಈಗಿನ ರಾಯಬಾಗದವನು. ಪುಣೆಯಿಂದ ಊರಿಗೆ ಹೊರಟಾಗ ಮಿರಜ, ಕುಡಚಿ ದಾಟಿದ ಮೇಲೆ ಆ ಸ್ಟೇಶನ್ನು ಬರುತ್ತದೆ. ನಮ್ಮಲ್ಲಿ ಎಷ್ಟು ಜನ ಕಿಟಕಿಯಿಂದ ತಲೆ ಹಾಕಿ ಆ ಹೆಸರನ್ನು ಮಕ್ಕಳಿಗೆ ತೋರಿಸಿದ್ದೇವೆ?

ಮುಂಬಯಿ ಪ್ರಾಂತದ ಕನ್ನಡ ಸಾಲೆಗಳಲ್ಲಿ ಏಳನೆಯ ಇಯತ್ತೆಯ ಕೊನೆಗೆ ಮುಲ್ಕಿ ಪರೀಕ್ಷೆಯಿತ್ತು. ಅದನ್ನು ದಾಟಿದವನು ಸಾಲೆಯ ಮಾಸ್ತರಿಕೆಗೆ ಅರ್ಹನೆನಿಸುತ್ತಿದ್ದನು. ಆ ಕಾಲದ ಲೆಕ್ಕವೆಂದರೆ ಬಾಯಿಲೆಕ್ಕ. ಮಗ್ಗಿಯ ಜೊತೆಗೆ ಕಾಲುಮಗ್ಗಿ, ಅರೆಮಗ್ಗಿ, ಮುಕ್ಕಾಲುಮಗ್ಗಿ. ಮರಾಠಿ ಸಾಲೆಯಲ್ಲಿ ಇವೇ ಪಾವಕಿ, ನಿಮಕಿ, ಪಾಊಣಕಿ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಸಂತೆಯ ತಕ್ಕಡಿಯೆಲ್ಲ ಕಾಲು ಅರೆಗಳಲ್ಲಿಯೇ ತೂಗುತ್ತಿದ್ದ ಕಾಲವದು. 1957ರ ಏಪ್ರಿಲ್ 1ರಂದು ದಶಮಾನ ನಾಣ್ಯ ಬಂದಿತು. ಆಣೆಗೆ ಆರೂಕಾಲು ನಯೇ ಪೈಸೆಯಾದುದರಿಂದ ಒಂದಾಣೆಗೆ 6, ಎರಡಕ್ಕೆ 12, ಮೂರಕ್ಕೆ 19 ಎಂದು ಕೋಷ್ಟಕ ಹಿಡಿದು ಅಂಗಡಿಯವರೂ ಗಿರಾಕಿಗಳೂ ಜಗಳವಾಡಿದರು. ಕ್ರಮೇಣ ಜಗಳ ನಿಂತಿತು. ಅದರ ಜೊತೆಗೆ ಕಾಲುಮಗ್ಗಿಯೂ ನಿಂತಿತು. ದಶಮಾನ ಪದ್ಧತಿ ಬಂದದ್ದು ಒಳ್ಳೆಯದೇ. ಆದರೆ ಮುಕ್ಕಾಲು ಎಂದರೇನೆಂದು ನಾಲಗೆಯ ತುದಿಯಲ್ಲಿದ್ದ ತಿಳಿವಳಿಕೆ ಹೋಗಿ, ಮೂರರ ಕೆಳಗೆ ಗೆರೆ ಎಳೆದು ನಾಲ್ಕು ಬರೆಯುವ ಕ್ರಿಯೆ ಮಾತ್ರ ಉಳಿಯಿತೆಂಬುದು ನಮ್ಮ ಎಣಿಕೆ. ಇಂದು ಮಾಧ್ಯಮಿಕ ತರಗತಿಯ ಹುಡುಗನು ಅರ್ಧಕ್ಕೆ ಮೂರನೆಯ ಒಂದಂಶವನ್ನು ಕೂಡಿಸಿ ಐದನೆಯ ಎರಡಂಶವೆಂದು ಬರೆದರೆ, ಉತ್ತರವು ಅರ್ಧಕ್ಕಿಂತ ಕಡಿಮೆಯಾಯಿತಲ್ಲ ಎಂದು ಅವನಿಗೆ ಅನಿಸುವುದೇ ಇಲ್ಲ.

ಖಡಕಿಯಲ್ಲಿ ಇದು ಬರಿಯ ಪುಸ್ತಕದ ಮಾತಲ್ಲ. 1869ರಲ್ಲಿ ಇಲ್ಲಿ ಮದ್ದುಗುಂಡಿನ ಕಾರ್ಖಾನೆ ತೆರೆಯಿತು. ಆಮೇಲೆ ಸೈನ್ಯದ ವರ್ಕ್‌ಶಾಪು, ಉಗ್ರಾಣಗಳು ಬೆಳೆದವು. ಇಂಥಲ್ಲಿ ಫಿಟರ್ ಆಗಲಿ ಟರ್ನರ್ ಆಗಲಿ ಮೊದಲು ಕಲಿಯಬೇಕಾದುದು ವರ್ನಿಯರನ್ನು ಓದುವುದು. 49 ಮಿಲಿಮೀಟರನ್ನು 50 ಭಾಗ ಮಾಡಿದರೆ ಒಂದು ಭಾಗ 0.98; ಒಂದಕ್ಕೂ ಅದಕ್ಕೂ ಇರುವ ಅಂತರ 0.02. ಇಷ್ಟು ಸಣ್ಣ ವಜಾಬಾಕಿಯ ಮೇಲೆ ಆ ಉಪಕರಣ ನಿಂತಿದೆ. ಇದು ಆರನೆಯ ಇಯತ್ತೆಯ ದಶಾಂಶ. ಐ.ಟಿ.ಐ.ಗಳಲ್ಲಿ ವರ್ಕ್‌ಶಾಪಿನ ಲೆಕ್ಕವನ್ನೂ ಕಲಿಸುತ್ತಾರೆ. ದಶಾಂಶವೂ ಪ್ರಮಾಣವೂ ಗಟ್ಟಿಯಿಲ್ಲದ ಹುಡುಗನಿಗೆ ಅಲ್ಲಿ ಕೈಕಸುಬು ಚೆನ್ನಾಗಿದ್ದರೂ ಕಷ್ಟ.

ಹೆಣ್ಣುಮಕ್ಕಳ ವಿಷಯವನ್ನೂ ಹೇಳಬೇಕು. ಹಿಂದೆ ಅನೇಕ ಕಡೆ ಅವರು ಬೀಜಗಣಿತ ರೇಖಾಗಣಿತಗಳನ್ನು ಬಿಟ್ಟು ಸುಲಭದ ಅಂಕಗಣಿತದಲ್ಲಿಯೇ ತೇರ್ಗಡೆಯಾಗುವ ಅನುಕೂಲವಿತ್ತು. ಅನುಕೂಲವೆಂದರೆ ಮುಂದಿನ ಬಾಗಿಲು ಮುಚ್ಚುವ ಅನುಕೂಲ. 1964-66ರ ಕೊಠಾರಿ ಆಯೋಗವು ಮೊದಲ ಹತ್ತು ವರ್ಷ ಗಣಿತವನ್ನೂ ವಿಜ್ಞಾನವನ್ನೂ ಎಲ್ಲರಿಗೂ ಕಡ್ಡಾಯ ಮಾಡಬೇಕೆಂದಿತು. ಹುಡುಗಿಗೆ ಇಷ್ಟು ಲೆಕ್ಕ ಸಾಕು ಎಂಬ ಮಾತು ಇಂದಿಗೂ ಕೆಲವು ಮನೆಗಳಲ್ಲಿ ಕೇಳಿಬರುತ್ತದೆ; ಅದಕ್ಕೆ ಆಧಾರವಿಲ್ಲ.

1967ರ ಜನವರಿಯಲ್ಲಿ ಪುಣೆಯಲ್ಲಿ ಮಹಾರಾಷ್ಟ್ರದ ಪಾಠ್ಯಪುಸ್ತಕ ಮಂಡಳ, ಎಂದರೆ ಬಾಲಭಾರತಿ, ಸ್ಥಾಪನೆಯಾಯಿತು. ಅದು ಹೊರಡಿಸುವ ಎಂಟು ಭಾಷೆಗಳ ಪುಸ್ತಕಗಳಲ್ಲಿ ಕನ್ನಡವೂ ಒಂದು. ಅಕ್ಕಲಕೋಟೆ, ಜತ್ತಗಳ ಕನ್ನಡ ಸಾಲೆಗಳ ಲೆಕ್ಕದ ಪುಸ್ತಕ ನಮ್ಮ ಈ ಪುಣೆಯಿಂದಲೇ ಹೋಗುತ್ತದೆಂಬುದು ಇಲ್ಲಿಯ ಕನ್ನಡಿಗರಲ್ಲಿ ಅನೇಕರಿಗೆ ತಿಳಿಯದು. 2019ರಲ್ಲಿ ಇದೇ ಮಂಡಳದ ಎರಡನೆಯ ಇಯತ್ತೆಯ ಮರಾಠಿ ಪುಸ್ತಕ ದೊಡ್ಡ ಗದ್ದಲವೆಬ್ಬಿಸಿತು. 78ಕ್ಕೆ ಮರಾಠಿಯಲ್ಲಿ ‘ಅಠ್ಠ್ಯಾಹತ್ತರ’ ಎನ್ನುತ್ತಾರೆ. ಎಂಟು ಮೊದಲು, ಎಪ್ಪತ್ತು ಆಮೇಲೆ. ಬರೆಯುವಾಗ ಮಾತ್ರ ಏಳು ಮೊದಲು. ಮಕ್ಕಳು 78, 87ಗಳನ್ನು ಅದಲುಬದಲು ಮಾಡುತ್ತಾರೆಂದು ‘ಸತ್ತರ ಆಠ’ ಎಂಬ ಓದನ್ನೂ ಪುಸ್ತಕದಲ್ಲಿ ಸೇರಿಸಿದರು. ಗಣಿತ ಸಮಿತಿಯ ಮುಂದಾಳು ಮಂಗಲಾ ನಾರಳೀಕರರು. ಚರ್ಚೆ ವಿಧಾನಸಭೆಯವರೆಗೂ ಹೋಯಿತು.

ಕನ್ನಡದಲ್ಲಿ ಈ ತೊಡಕೇ ಇಲ್ಲ. ಎಪ್ಪತ್ತೆಂಟು ಎಂದರೆ ಎಪ್ಪತ್ತು, ಎಂಟು. ಕಿವಿಗೆ ಬಿದ್ದಂತೆ ಬರೆದರಾಯಿತು. ಮರಾಠಿಯ ಎಣಿಕೆಯನ್ನು ನಾವು ಹಳಿಯುವುದಿಲ್ಲ; ಅದರಲ್ಲಿಯೇ ಇಲ್ಲಿಯ ವ್ಯಾಪಾರವೆಲ್ಲ ಸುಸೂತ್ರವಾಗಿ ನಡೆದಿದೆ. ಕೈಗೆ ಬಂದ ಅನುಕೂಲವನ್ನು ನಾವು ಬಿಡಬಾರದೆಂದಷ್ಟೇ ಹೇಳುವುದು. ನಮ್ಮ ಮನೆಗಳಲ್ಲಿ ಮಾತು ಕನ್ನಡವಾದರೂ ಅಂಕಿ ಬಂದೊಡನೆ ನಾಲಗೆ ಇಂಗ್ಲಿಷಿಗೋ ಮರಾಠಿಗೋ ಹೊರಳುತ್ತದೆ. ಭಾಷೆ ಮೊದಲು ಸೋರಿಹೋಗುವುದು ಅಂಕಿಗಳ ತೂತಿನಿಂದ. ಎರಡು ಭಾಷೆಗಳ ನಂಟಂತೂ ಹಳೆಯದು: ಬೇರೀಜು, ವಜಾಬಾಕಿ, ಗುಣಾಕಾರ, ಭಾಗಾಕಾರ, ದಶಾಂಶ, ಬೀಜಗಣಿತ ಇವನ್ನು ಧಾರವಾಡದ ಕಡೆಯ ಅಜ್ಜನೂ ಪುಣೆಯ ಮಾಸ್ತರರೂ ಒಂದೇ ಬಗೆಯಾಗಿ ಆಡಿದವರು.

ಹಾಗಾದರೆ ಆರರಿಂದ ಎಂಟರವರೆಗೆ ಏನು ಕಲಿಯಬೇಕು? ಭಿನ್ನರಾಶಿ, ದಶಾಂಶ, ಶೇಕಡಾ ಈ ಮೂರೂ ಒಂದೇ ವಸ್ತುವಿನ ಮೂರು ವೇಷಗಳೆಂಬ ಅರಿವು ಮೊದಲು. ಆಮೇಲೆ ತ್ರೈರಾಶಿ, ಅದು ಗಟ್ಟಿಯಾದ ಹುಡುಗನಿಗೆ ಬೀಜಗಣಿತದ ‘ಕ್ಷ’ ಭೂತವೆನಿಸದು. ಉತ್ತರ ಹೊರಡುವ ಮೊದಲೇ ಅದು ಸುಮಾರು ಎಷ್ಟಿರಬೇಕೆಂದು ಅಂದಾಜು ಹಾಕುವ ರೂಢಿ ಬೇಕು. ಹಳೆಯ ಬಾಯಿಲೆಕ್ಕದ ನಿಜವಾದ ಲಾಭ ಅದೇ ಆಗಿತ್ತು. ಕೊನೆಗೆ, ಏಕೆ ಎಂದು ಕೇಳುವ ಧೈರ್ಯ. ಪರೀಕ್ಷೆಯ ಗುಣಗಳಿಗೆ ಇದು ಅಡ್ಡಬರುವುದೆಂದು ಹೆದರುವ ಪೋಷಕರು ಸ್ವಲ್ಪ ತಾಳಬೇಕು.

ಗೋಕಾಕ ತಾಲೂಕಿನ ಹಳ್ಳಿಯಿಂದ ಕೇಂಬ್ರಿಜಿಗೆ ಹೋಗಿ ರ್‍ಯಾಂಗ್ಲರ್ ಎನಿಸಿ, ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾದ ಡಿ. ಸಿ. ಪಾವಟೆಯವರನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಆದರೆ ಈ ವಯಸ್ಸಿನ ಮಕ್ಕಳಿಗೆ ಹೆಚ್ಚು ಹತ್ತಿರದವರು ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ ದೇವಳಾಲಿಯಲ್ಲಿ ಶಾಲೆಯ ಮಾಸ್ತರರಾಗಿಯೇ ಉಳಿದ ದ. ರಾ. ಕಾಪ್ರೇಕರರು. 3524ರ ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಕಳೆಯಿರಿ: 5432ರಲ್ಲಿ 2345 ಹೋಗಿ 3087. ಹಾಗೆಯೇ ಮುಂದುವರಿದರೆ 8352, ಅನಂತರ 6174. ಅಲ್ಲಿಂದ ಮುಂದೆ ಎಷ್ಟು ಕಳೆದರೂ 6174ೇ. ನಾಲ್ಕೂ ಅಂಕಿಗಳು ಒಂದೇ ಆಗಿರದ ಯಾವ ಸಂಖ್ಯೆಯಾದರೂ ಏಳು ಸಲದೊಳಗೆ ಇಲ್ಲಿಗೇ ಬರುತ್ತದೆ. 2024ರಲ್ಲಿ ಹೊರಟ ಎನ್.ಸಿ.ಇ.ಆರ್.ಟಿ.ಯ ಆರನೆಯ ತರಗತಿಯ ಪುಸ್ತಕದಲ್ಲಿ ಈ ಆಟ ಸೇರಿದೆ. ಅದಕ್ಕೆ ಬೇಕಾದುದು ಪಾಟಿಯೊಂದು, ಬಳಪವೊಂದು, ಜೊತೆಗೆ ಕುಳಿತು ಎಣಿಸುವ ತಂದೆಯೋ ತಾಯಿಯೋ ಒಬ್ಬರು.