ಕಾಣದ ದೋಷದ ಹೊಣೆ: ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಮತ್ತು ವಾರಂಟಿಯ ಚರಿತ್ರೆ

ಮಾರಿದ ವಸ್ತುವಿನಲ್ಲಿ ಆಮೇಲೆ ದೋಷ ಕಂಡರೆ ಅದರ ಖರ್ಚು ಯಾರದು ಎಂಬ ಪ್ರಶ್ನೆಗೆ ಮೊದಲೇ ಬರೆದಿಟ್ಟ ಉತ್ತರವೇ ವಾರಂಟಿ. ಹೊಸ ಕಾರಿಗೆ ಆ ಉತ್ತರವನ್ನು ತಯಾರಕರೇ ಕೊಡುತ್ತಾರೆ. ಅದರ ಖರ್ಚು ಕಾರಿನ ಬೆಲೆಯಲ್ಲೇ ಸೇರಿರುತ್ತದೆ. ಆ ಅವಧಿ ಮುಗಿದ ಮೇಲೂ ರಕ್ಷಣೆ ಬೇಕೆಂದರೆ ಬೇರೆ ಹಣ ಕೊಡಬೇಕು. ಹಾಗೆ ಕೊಂಡದ್ದಕ್ಕೆ ಎಕ್ಸ್‌ಟೆಂಡೆಡ್ ವಾರಂಟಿ ಎಂಬ ಹೆಸರು ಎಲ್ಲ ಕಡೆ ರೂಢಿಯಲ್ಲಿದೆ. ಇದು ಹುಟ್ಟಿ ಬೆಳೆದ ಅಮೆರಿಕದ ಕಾನೂನು ಮಾತ್ರ ಇದನ್ನು ವಾರಂಟಿ ಎಂದು ಒಪ್ಪುವುದಿಲ್ಲ. ಅದರ ಪ್ರಕಾರ ಇದು ‘ಸರ್ವಿಸ್ ಕಾಂಟ್ರಾಕ್ಟ್’, ಅಂದರೆ ಬೆಲೆ ಕೊಟ್ಟು ಮಾಡಿಕೊಂಡ ದುರಸ್ತಿಯ ಕರಾರು. ಹತ್ತು ವರ್ಷ ಓಡಿದ ಸ್ಪೋರ್ಟ್ಸ್ ಕಾರನ್ನು ಕೊಳ್ಳಲು ಹೊರಟವರು ಈ ಕರಾರು ಬೇಕೋ ಬೇಡವೋ ಎಂದು ಗೊಂದಲಕ್ಕೆ ಬೀಳುವುದು ಸಹಜ. ಆ ಗೊಂದಲದ ಬೇರು ಮೋಟಾರು ಕಾರಿಗಿಂತ ಬಹಳ ಹಳೆಯದು.

ಕಾಣದ ದೋಷದ ಜಗಳ ಬಹಳ ಹಿಂದೆಯೇ ಎದ್ದದ್ದು ಗುಲಾಮರ ಮತ್ತು ಪ್ರಾಣಿಗಳ ವ್ಯಾಪಾರದಲ್ಲಿ. ರೋಮಿನ ಸಂತೆಗಳ ಉಸ್ತುವಾರಿ ಹೊತ್ತಿದ್ದ ಈಡೈಲ್ ಎಂಬ ಅಧಿಕಾರಿಗಳು, ಗುಲಾಮರನ್ನೂ ದನಕರುಗಳನ್ನೂ ಮಾರುವವರು ಅವುಗಳ ರೋಗ ಮತ್ತು ದೋಷಗಳನ್ನು ಮೊದಲೇ ಹೇಳಬೇಕೆಂದು ಕಟ್ಟಳೆ ಮಾಡಿದ್ದರು. ಮುಚ್ಚಿಟ್ಟು ಮಾರಿದ್ದು ಗೊತ್ತಾದರೆ 6 ತಿಂಗಳೊಳಗೆ ವ್ಯಾಪಾರವನ್ನೇ ಮುರಿಯಬಹುದಿತ್ತು, 1 ವರ್ಷದೊಳಗೆ ಬೆಲೆ ಇಳಿಸಿಕೊಳ್ಳಬಹುದಿತ್ತು. ನಮ್ಮ ದನದ ಜಾತ್ರೆಗಳಲ್ಲಿ ಹಲ್ಲು ಎಣಿಸಿ, ಸುಳಿ ನೋಡಿ, ನೊಗ ಹೂಡಿ ನಡೆಸಿದ ಮೇಲೆಯೇ ಎತ್ತಿಗೆ ಬೆಲೆ ಹೇಳುತ್ತಿದ್ದುದೂ ಇದೇ ಅಳುಕಿನಿಂದ. ವಿಜಯನಗರದ ಕುದುರೆ ವ್ಯಾಪಾರದಲ್ಲಿ ಮಾತ್ರ ಹೊಣೆ ತಲೆಕೆಳಗಾಗಿತ್ತು. 16ನೇ ಶತಮಾನದ ಪೋರ್ಚುಗೀಸ್ ಬರಹಗಾರ ನ್ಯೂನಿಜ್ ಹೇಳುವಂತೆ, ಹೊರ್ಮುಜ್ ಮತ್ತು ಏಡನ್‌ನಿಂದ ಕುದುರೆ ತರಿಸುತ್ತಿದ್ದ ಸಾಳುವ ನರಸಿಂಹ ಸಮುದ್ರದಲ್ಲಿ ಸತ್ತವುಗಳಿಗೂ ಹಣ ಕೊಡುತ್ತಿದ್ದ. ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಸಾಕಿತ್ತು. ಕುದುರೆ ಇಲ್ಲದೆ ಸೇನೆ ಇಲ್ಲ ಎಂಬ ಸ್ಥಿತಿಯಲ್ಲಿ ಮಾರುವವನ ನಷ್ಟವನ್ನೂ ಕೊಳ್ಳುವವನೇ ಹೊತ್ತ. ಹೊಣೆ ಯಾರ ಹೆಗಲೇರುತ್ತದೆ ಎಂಬುದನ್ನು ನಿರ್ಧರಿಸುವುದು ನ್ಯಾಯವೊಂದೇ ಅಲ್ಲ, ಯಾರಿಗೆ ಹೆಚ್ಚು ಗರಜು ಎಂಬುದೂ ಹೌದು.

ಇಂಗ್ಲೆಂಡಿನ ಕಾನೂನು ಬಹುಕಾಲ ಮಾರುವವನ ಪಕ್ಷ ವಹಿಸಿತ್ತು. 1603ರಲ್ಲಿ ತೀರ್ಪಾದ ಒಂದು ಮೊಕದ್ದಮೆ ಪ್ರಸಿದ್ಧವಾಗಿದೆ. ವಿಷ ಇಳಿಸುತ್ತದೆಂದು ಆಗ ನಂಬಿದ್ದ, ಪ್ರಾಣಿಗಳ ಹೊಟ್ಟೆಯಲ್ಲಿ ಬೆಳೆಯುವ ಗೋರೋಚನದಂಥ ಕಲ್ಲೊಂದನ್ನು ಅಕ್ಕಸಾಲಿಗನೊಬ್ಬ 100 ಪೌಂಡಿಗೆ ಮಾರಿದ. ಕಲ್ಲು ನಕಲಿ ಎಂದು ಕೊಂಡವನು ನ್ಯಾಯಾಲಯಕ್ಕೆ ಹೋದ. ಅಸಲಿ ಎಂದು ಹೇಳಿದ್ದು ಬರೀ ಮಾತು, ‘ಇದಕ್ಕೆ ನಾನು ಹೊಣೆ’ ಎಂದು ಮಾರಿದವನು ಸ್ಪಷ್ಟವಾಗಿ ಒಪ್ಪಿಕೊಂಡಿರಲಿಲ್ಲ ಎಂಬ ಕಾರಣಕ್ಕೆ ಕೊಂಡವನು ಸೋತ. ಕೊಳ್ಳುವವನೇ ಎಚ್ಚರವಾಗಿರಲಿ ಎಂಬ ಈ ತತ್ವ ಮೆತ್ತಗಾಗಲು ಮೂರು ಶತಮಾನ ಬೇಕಾಯಿತು. ಬ್ರಿಟನ್ನಿನ 1893ರ ಸರಕು ಮಾರಾಟ ಕಾಯ್ದೆಯೂ ಅದರ ಜಾಡಿನಲ್ಲೇ ಬಂದ ಭಾರತದ 1930ರ ಕಾಯ್ದೆಯೂ ಕೆಲವು ಹೊಣೆಗಳನ್ನು ಬಾಯಿಬಿಟ್ಟು ಹೇಳದಿದ್ದರೂ ಮಾರುವವನ ಮೇಲೆ ಹೊರಿಸಿದವು. ಕೊಳ್ಳುವವನು ತನ್ನ ಉದ್ದೇಶ ತಿಳಿಸಿ, ಮಾರುವವನ ಪರಿಣತಿಯನ್ನು ನಂಬಿ ಕೊಂಡಿದ್ದರೆ ವಸ್ತು ಆ ಉದ್ದೇಶಕ್ಕೆ ತಕ್ಕುದಾಗಿರಬೇಕು ಎನ್ನುವುದು ಭಾರತದ ಕಾಯ್ದೆಯ 16ನೇ ಕಲಮಿನ ಸಾರ.

ಮೋಟಾರು ಕಾರು ಬಂದ ಮೇಲೆ ತೊಡಕು ಹೆಚ್ಚಿತು. ತಯಾರಕ ಎಲ್ಲೋ, ಮಾರುವವನು ಇನ್ನೆಲ್ಲೋ. ಬಾನೆಟ್ ಎತ್ತಿ ನೋಡಿದರೂ ಸಾಮಾನ್ಯ ಗಿರಾಕಿಗೆ ತಿಳಿಯುವುದು ಅಷ್ಟಕ್ಕಷ್ಟೆ. ಬ್ಯೂಕ್ ಕಾರೊಂದರ ಮರದ ಚಕ್ರದ ಅರೆಗಾಲುಗಳು ಓಡುವಾಗಲೇ ಪುಡಿಯಾಗಿ ಮಾಲೀಕ ಗಾಯಗೊಂಡಿದ್ದ. ಕಾರನ್ನು ನೇರವಾಗಿ ಮಾರದಿದ್ದರೂ ಅಜಾಗರೂಕತೆಗೆ ತಯಾರಕನೇ ಹೊಣೆ ಎಂದು ನ್ಯೂಯಾರ್ಕಿನ ನ್ಯಾಯಾಧೀಶ ಬೆಂಜಮಿನ್ ಕಾರ್ಡೋಜೊ 1916ರಲ್ಲಿ ಬರೆದರು. ಕಂಪನಿಗಳು ಬೇರೆ ದಾರಿಯಿಂದ ಹೊಣೆಯನ್ನು ಕುಗ್ಗಿಸಿದವು. 90 ದಿನ ಅಥವಾ 4000 ಮೈಲಿ, ಯಾವುದು ಮೊದಲೋ ಅಲ್ಲಿಯವರೆಗೆ ಕೆಟ್ಟ ಭಾಗವನ್ನಷ್ಟೇ ಬದಲಿಸಿಕೊಡುತ್ತೇವೆ, ಇನ್ನುಳಿದ ಯಾವ ಹೊಣೆಯೂ ನಮಗಿಲ್ಲ ಎಂಬ ಒಂದೇ ನಮೂನೆಯ ಕಾಗದ ಇಡೀ ಉದ್ಯಮದಲ್ಲಿ ಬಳಕೆಗೆ ಬಂತು. ವಾರಂಟಿ ಎಂಬ ಹೆಸರಿನ ಆ ಕಾಗದ ಕೊಟ್ಟದ್ದಕ್ಕಿಂತ ಕಿತ್ತುಕೊಂಡದ್ದೇ ಹೆಚ್ಚು.

1955ರ ಮೇ ತಿಂಗಳಲ್ಲಿ ನ್ಯೂಜೆರ್ಸಿಯ ದಂಪತಿ ಹೊಸ ಪ್ಲಿಮತ್ ಕಾರು ಕೊಂಡರು. 468 ಮೈಲಿ ಓಡಿದ್ದಾಗ ಸ್ಟೀರಿಂಗ್ ಕೈಬಿಟ್ಟು ಕಾರು ಇಟ್ಟಿಗೆ ಗೋಡೆಗೆ ಗುದ್ದಿತು. ಖರೀದಿ ಕಾಗದದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾದ ಷರತ್ತಿನಂತೆ ಅವರಿಗೆ ಏನೂ ಸಿಗಬೇಕಾಗಿರಲಿಲ್ಲ. ಚೌಕಾಸಿ ಮಾಡುವ ಅವಕಾಶವೇ ಇಲ್ಲದ ಗಿರಾಕಿಯ ಮೇಲೆ ಹೇರಿದ ಇಂಥ ಷರತ್ತು ನಿಲ್ಲದು ಎಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ 1960ರಲ್ಲಿ ಹೇಳಿತು. ಹೆನ್ನಿಂಗ್ಸನ್ ಮೊಕದ್ದಮೆ ಎಂದು ಕರೆಯುವ ಇದನ್ನು ಆಧುನಿಕ ಗ್ರಾಹಕ ಕಾನೂನಿನ ಮೈಲಿಗಲ್ಲು ಎಂದೇ ಎಣಿಸುತ್ತಾರೆ, ಅದು ಸರಿಯಾದ ಎಣಿಕೆ.

ಅದೇ ಹೊತ್ತಿಗೆ ಕಂಪನಿಗಳಿಗೂ ವಾರಂಟಿ ಒಂದು ಜಾಹೀರಾತು ಎಂಬುದು ಹೊಳೆಯಿತು. ಫೋರ್ಡ್ 1961ರ ಮಾದರಿಗಳಿಗೆ 12 ತಿಂಗಳು, 12,000 ಮೈಲಿ ಎಂದಿತು. ಕ್ರೈಸ್ಲರ್ 1963ರಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್‌ಗೆ 5 ವರ್ಷ, 50,000 ಮೈಲಿ ಎಂದು ಎಲ್ಲರನ್ನೂ ಬೆರಗುಗೊಳಿಸಿತು. ಪೈಪೋಟಿಗೆ ಇಳಿದವರೂ ಹಾಗೆಯೇ ಮಾಡಿ, ಖರ್ಚು ತಡೆಯಲಾರದೆ ದಶಕ ಮುಗಿಯುವಷ್ಟರಲ್ಲಿ ಹಿಂದೆ ಸರಿದರು. ಕಾಲಕಾಲಕ್ಕೆ ಎಂಜಿನ್ ಆಯಿಲ್ ಬದಲಿಸಿದ ದಾಖಲೆ ಇಲ್ಲದಿದ್ದರೆ ವಾರಂಟಿ ಇಲ್ಲ ಎಂಬ ಷರತ್ತು ಮಾತ್ರ ಉಳಿಯಿತು. ಇಂದಿನ ಕರಾರುಗಳಲ್ಲೂ ಅದೇ ಮೊದಲ ಸಾಲಿನಲ್ಲಿ ನಿಂತಿದೆ.

ಅಮೆರಿಕದ ಅಧ್ಯಕ್ಷ ಜೆರಾಲ್ಡ್ ಫೋರ್ಡ್ 1975ರ ಜನವರಿಯಲ್ಲಿ ಸಹಿ ಹಾಕಿದ ಮ್ಯಾಗ್ನುಸನ್-ಮಾಸ್ ಕಾಯ್ದೆ, ವಾರಂಟಿಯನ್ನು ಸರಳ ಭಾಷೆಯಲ್ಲಿ ಬರೆಯಬೇಕು, ‘ಪೂರ್ಣ’ವೋ ‘ಸೀಮಿತ’ವೋ ಎಂದು ಹಣೆಯ ಮೇಲೇ ಹೇಳಬೇಕು ಎಂದು ವಿಧಿಸಿತು. ಬೆಲೆಯಲ್ಲಿ ಸೇರಿದ ವಾರಂಟಿ ಬೇರೆ, ಹಣಕ್ಕೆ ಮಾರುವ ಸರ್ವಿಸ್ ಕಾಂಟ್ರಾಕ್ಟ್ ಬೇರೆ ಎಂಬ ಗೆರೆಯನ್ನೂ ಎಳೆಯಿತು. ಮಾರಿದ 90 ದಿನದೊಳಗೆ ಮಾರಾಟಗಾರ ತಾನೇ ಅಂಥ ಕರಾರು ಮಾಡಿಕೊಂಡರೆ ಕಾನೂನು ತಾನಾಗಿ ಹೊರಿಸುವ ಹೊಣೆಗಳನ್ನು ಅವನು ಕಳಚಿಕೊಳ್ಳುವಂತಿಲ್ಲ. ಬೇರೊಂದು ಕಂಪನಿಯ ಕರಾರನ್ನು ದಲ್ಲಾಳಿಯಂತೆ ಮಾರಿದವನಿಗೆ ಈ ಕಟ್ಟು ಬೀಳುವುದಿಲ್ಲ. ಕಾರು ಮಾರುವ ಮಳಿಗೆಯ ಮೇಜಿನ ಮೇಲೆ ಮೂರನೆಯವರ ಕಾಗದ ಯಾಕೆ ಇರುತ್ತದೆ ಎಂಬುದು ಇಲ್ಲಿ ಸ್ವಲ್ಪ ಅರ್ಥವಾಗುತ್ತದೆ.

ಸೆಕೆಂಡ್ ಹ್ಯಾಂಡ್ ಕಾರಿನ ಪೇಟೆಯನ್ನು ಅರ್ಥಶಾಸ್ತ್ರಕ್ಕೆ ತಂದವರು ಜಾರ್ಜ್ ಅಕರ್ಲಾಫ್. ಪದೇ ಪದೇ ಕೈಕೊಡುವ ಕಾರಿಗೆ ಅಮೆರಿಕದ ಆಡುಮಾತಿನಲ್ಲಿ ‘ಲೆಮನ್’ ಎನ್ನುತ್ತಾರೆ. ಅದನ್ನೇ ಹೆಸರಾಗಿಸಿಕೊಂಡ ಅವರ ಲೇಖನ ಮೂರು ಪತ್ರಿಕೆಗಳಿಂದ ತಿರಸ್ಕೃತವಾಗಿ 1970ರಲ್ಲಿ ಅಚ್ಚಾಯಿತು. ಕಾರಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವಿನ ಬೆಲೆಯನ್ನಷ್ಟೇ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲು ಒಪ್ಪುವುದಿಲ್ಲ. ಪೇಟೆಯಲ್ಲಿ ಉಳಿಯುವುದು ಲೆಮನ್ನುಗಳೇ. 1967-68ರಲ್ಲಿ ದೆಹಲಿಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದ್ದ ಅಕರ್ಲಾಫ್, ಬೇಕೆಂದೇ ಬೆರೆಸಿದ ಕಲ್ಲನ್ನು ಅಕ್ಕಿಯಿಂದ ಆರಿಸುವ ಭಾರತದ ಗೃಹಿಣಿಯ ಕೆಲಸವನ್ನೂ ಅದೇ ಲೇಖನದಲ್ಲಿ ಉದಾಹರಣೆಯಾಗಿ ಕೊಟ್ಟಿದ್ದಾರೆ. ಮೊರ ಹಿಡಿದು ಕೂತ ಹೆಂಗಸಿನ ಕಣ್ಣು ಮತ್ತು ಕಾರು ನೋಡುವ ಮೆಕ್ಯಾನಿಕ್‌ನ ಕಣ್ಣು ಮಾಡುವುದು ಒಂದೇ ಕೆಲಸ. ಈ ಬಿಕ್ಕಟ್ಟಿಗೆ ಅವರು ಸೂಚಿಸಿದ ಮದ್ದುಗಳಲ್ಲಿ ಗ್ಯಾರಂಟಿಯೂ ಒಂದು. 2001ರಲ್ಲಿ ಅವರಿಗೆ ಇನ್ನಿಬ್ಬರೊಡನೆ ನೊಬೆಲ್ ಸಂದಿತು.

ಗೊತ್ತಿರುವ ದೋಷಗಳನ್ನು ಹಳೆ ಕಾರು ಮಾರುವವರು ಬರೆದು ಅಂಟಿಸಬೇಕು ಎಂಬ ನಿಯಮವನ್ನು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1981ರಲ್ಲಿ ತಂದಿತ್ತು. ರೋಮಿನ ಈಡೈಲರು ಇದಕ್ಕಿಂತ ಹೆಚ್ಚೇನೂ ಕೇಳಿರಲಿಲ್ಲ. ವ್ಯಾಪಾರಿಗಳ ವಿರೋಧ ಜೋರಾಗಿ 1982ರಲ್ಲಿ ಸಂಸತ್ತು ನಿಯಮವನ್ನು ತಳ್ಳಿಹಾಕಿತು. ಹಾಗೆ ತಳ್ಳಿಹಾಕುವುದೇ ಸಂವಿಧಾನಬಾಹಿರ ಎಂದು ಮರುವರ್ಷ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತಾದರೂ, 1984ರಲ್ಲಿ ಆಯೋಗ ಹೊರಡಿಸಿದ ಹೊಸ ನಿಯಮದಲ್ಲಿ ದೋಷ ಹೇಳಬೇಕೆಂಬ ಭಾಗವೇ ಇರಲಿಲ್ಲ. ವಾರಂಟಿ ಇದೆಯೋ ಅಥವಾ ‘ಇದ್ದದ್ದು ಇದ್ದ ಹಾಗೆ’ ಮಾರಾಟವೋ ಎಂದು ತಿಳಿಸುವ ಬೈಯರ್ಸ್ ಗೈಡ್ ಎಂಬ ಹಾಳೆಯನ್ನು ಕಾರಿನ ಕಿಟಕಿಗೆ ಅಂಟಿಸಿದರೆ ಸಾಕಾಯಿತು. ಈ ಚರಿತ್ರೆಯಲ್ಲಿ ಗ್ರಾಹಕನಿಗೆ ಆದ ದೊಡ್ಡ ನಷ್ಟ ಇದು. ಮಾರುವವನು ಬಿಟ್ಟಿಯಾಗಿ ಹೇಳಬೇಕಾಗಿದ್ದ ಸತ್ಯದ ಜಾಗದಲ್ಲಿ ಕೊಳ್ಳುವವನು ಹಣ ಕೊಟ್ಟು ಪಡೆಯುವ ಭರವಸೆ ಬಂದು ಕೂತಿತು.

ಆ ಭರವಸೆಯೂ ಎಲ್ಲ ಕಡೆ ನಿಲ್ಲಲಿಲ್ಲ. ಇಂಥ ಕರಾರುಗಳ ಹಿಂದೆ ವಿಮೆಯಾಗಿ ನಿಂತಿದ್ದ, ಕೇಮನ್ ದ್ವೀಪಗಳಲ್ಲಿ ನೋಂದಣಿಯಾಗಿದ್ದ ನ್ಯಾಷನಲ್ ವಾರಂಟಿ ಎಂಬ ಸಂಸ್ಥೆ 2003ರಲ್ಲಿ ಮುಳುಗಿದಾಗ ಅದನ್ನು ನಂಬಿದ್ದ ಕಾಗದಗಳು ಬೆಲೆ ಕಳೆದುಕೊಂಡವು. ಮಿಸೌರಿಯಿಂದ ದೇಶಕ್ಕೆಲ್ಲ ಇವನ್ನು ಮಾರುತ್ತಿದ್ದ ಯುಎಸ್ ಫಿಡೆಲಿಸ್ 2010ರಲ್ಲಿ ದಿವಾಳಿ ಅರ್ಜಿ ಹಾಕಿತು. ಅದರ ಮಾಲೀಕರಿಬ್ಬರು ತಪ್ಪೊಪ್ಪಿಕೊಂಡು ಜೈಲು ಸೇರಿದರು. ಕಾರಿನ ವಾರಂಟಿ ಮುಗಿಯುತ್ತಿದೆ ಎಂದು ಯಂತ್ರ ಮಾಡುವ ಫೋನ್ ಕರೆಗಳು ಆಮೇಲೆ ದೊಡ್ಡ ಪೀಡೆಯಾದವು. ಒಂದೇ ಜಾಲ 2021ರ ಮೂರು ತಿಂಗಳಲ್ಲಿ 500 ಕೋಟಿಗೂ ಹೆಚ್ಚು ಕರೆ ಮಾಡಿದ್ದಕ್ಕೆ ಅಮೆರಿಕದ ಫೆಡರಲ್ ಸಂಪರ್ಕ ಆಯೋಗ 2023ರಲ್ಲಿ ಸುಮಾರು 30 ಕೋಟಿ ಡಾಲರ್ ದಂಡ ವಿಧಿಸಿತು.

ಸ್ಪೋರ್ಟ್ಸ್ ಕಾರಿನ ವಿಷಯದಲ್ಲಿ ಈ ಪ್ರಶ್ನೆ ಎಷ್ಟು ತೀಕ್ಷ್ಣವಾಗುತ್ತದೆ ಎಂಬುದಕ್ಕೆ ಪೋರ್ಷೆಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. 1990ರ ದಶಕದ ಕೊನೆಯ ವರ್ಷಗಳವರೆಗೆ 911 ಕಾರಿನ ಎಂಜಿನ್ ಗಾಳಿಯಿಂದ ತಣಿಯುತ್ತಿತ್ತು. ಆ ಹೊತ್ತಿಗೆ ಬಾಕ್ಸ್‌ಸ್ಟರ್ ಮತ್ತು 996 ಎಂಬ ಸಂಖ್ಯೆಯ 911 ನೀರಿನಿಂದ ತಣಿಯುವ ಹೊಸ ಎಂಜಿನ್ ಹೊತ್ತು ಬಂದವು. ಕ್ರ್ಯಾಂಕ್‌ಶಾಫ್ಟ್‌ನ ಚಲನೆಯನ್ನು ಚೈನುಗಳ ಮೂಲಕ ಕ್ಯಾಮ್‌ಶಾಫ್ಟ್‌ಗಳಿಗೆ ಒಯ್ಯುವ ನಡುದಂಡವೊಂದು ಅದರಲ್ಲಿತ್ತು. ಅದರ ಒಂದು ತುದಿಯನ್ನು ಹಿಡಿದದ್ದು ಒಳಗೇ ಗ್ರೀಸು ತುಂಬಿ ಮುಚ್ಚಿದ ಬಾಲ್ ಬೇರಿಂಗ್. ವರ್ಷಗಳುರುಳಿದಂತೆ ಮುಚ್ಚಳದ ಸೀಲು ಗಡುಸಾಗಿ, ಎಂಜಿನ್ ಆಯಿಲ್ ನುಗ್ಗಿ ಗ್ರೀಸು ತೊಳೆದುಹೋದರೆ ಬೇರಿಂಗು ಸವೆದು ಒಡೆಯುತ್ತಿತ್ತು. ಒಡೆದರೆ ಕವಾಟಗಳ ತಾಳ ತಪ್ಪಿ ಅವು ಪಿಸ್ಟನ್ನಿಗೆ ಬಡಿಯುತ್ತಿದ್ದವು. ಆಮೇಲೆ ಉಳಿಯುವುದು ಇಡೀ ಎಂಜಿನ್ ಬದಲಿಸುವ ಖರ್ಚು, ಕೆಲವೊಮ್ಮೆ ಕಾರಿನ ಬೆಲೆಗೇ ಹತ್ತಿರ. ಬಹುಪಾಲು ಕಾರುಗಳಲ್ಲಿ ಅದು ಒಡೆಯಲಿಲ್ಲ. ಯಾವುದರಲ್ಲಿ ಒಡೆದೀತು ಎಂದು ಹೊರಗಿನಿಂದ ಹೇಳುವುದಂತೂ ಸಾಧ್ಯವಿರಲಿಲ್ಲ. ಹಳೆಯ ರೇಸ್ ಎಂಜಿನ್ನಿನ ವಂಶದ್ದನ್ನು ಹೊತ್ತಿದ್ದ ಟರ್ಬೊ ಮತ್ತು ಜಿಟಿ3 ಮಾದರಿಗಳಿಗೆ ಈ ರೋಗವಿರಲಿಲ್ಲ. ಅಮೆರಿಕದಲ್ಲಿ 2001ರಿಂದ 2005ರವರೆಗಿನ ಮಾದರಿಗಳ ಮಾಲೀಕರು ಹೂಡಿದ ಸಾಮೂಹಿಕ ಮೊಕದ್ದಮೆ 2013ರಲ್ಲಿ ರಾಜಿಯಾಯಿತು. ಅಷ್ಟರಲ್ಲಿ, 2009ರ ಮಾದರಿಯಿಂದಲೇ, ಆ ನಡುದಂಡವೇ ಇಲ್ಲದ ಎಂಜಿನ್ ಬಂದಿತ್ತು.

ಅಪರೂಪಕ್ಕೆ ಬಂದರೂ ಬಂದಾಗ ಮನೆ ಮುಳುಗಿಸುವ ನಷ್ಟಕ್ಕೆ ವಿಮೆ ಅರ್ಥಪೂರ್ಣ. ಬ್ರೇಕ್ ಪ್ಯಾಡು, ಕ್ಲಚ್ಚು, ಟೈರುಗಳಂಥ ಬಂದೇ ಬರುವ ಖರ್ಚಿಗೆ ಅಲ್ಲ, ಅವು ಹೇಗೂ ಸವೆತದ ಲೆಕ್ಕಕ್ಕೆ ಸೇರಿ ಕರಾರಿನ ಹೊರಗೆ ಉಳಿಯುತ್ತವೆ. ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ 2013ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಸುಮಾರು 1,200 ಡಾಲರ್ ಕೊಟ್ಟು ಇಂಥ ಕರಾರು ಕೊಂಡವರಲ್ಲಿ 55 ಪ್ರತಿಶತ ಜನ ಅದನ್ನು ಒಮ್ಮೆಯೂ ಬಳಸಿರಲಿಲ್ಲ. ಅದು ಎಲ್ಲ ಬಗೆಯ ಕಾರುಗಳ ಲೆಕ್ಕ. ಬಿಡಿಭಾಗಗಳು ದುಬಾರಿಯಾದ, ಎಂಜಿನ್ ಇಳಿಸದೆ ಕೈ ತಲುಪದ ಸ್ಪೋರ್ಟ್ಸ್ ಕಾರಿಗೆ ತಕ್ಕಡಿ ಬೇರೆ ಕಡೆ ವಾಲಬಹುದು. ಆದರೆ ಅಲ್ಲಿ ಕರಾರಿನ ಬೆಲೆಯೂ ಏರುತ್ತದೆ, ಹೊರಗಿಟ್ಟ ಬಾಬ್ತುಗಳೂ ಹೆಚ್ಚುತ್ತವೆ. ಟ್ರ್ಯಾಕಿನಲ್ಲಿ ಓಡಿಸಿದ್ದು, ಎಕ್ಸಾಸ್ಟ್ ಬದಲಿಸಿದ್ದು, ಕೊಳ್ಳುವ ಮೊದಲೇ ಇದ್ದ ದೋಷ, ಸರ್ವಿಸ್ ದಾಖಲೆ ಇಲ್ಲದ ಅವಧಿ, ಇವುಗಳಲ್ಲಿ ಯಾವುದೊಂದು ಸಿಕ್ಕರೂ ಹಣ ಕೊಡಲು ನಿರಾಕರಿಸಬಹುದು.

ಕರಾರುಗಳಲ್ಲೂ ಎರಡು ಜಾತಿ. ರಕ್ಷಣೆ ಇರುವ ಭಾಗಗಳ ಪಟ್ಟಿ ಕೊಡುವುದು ಒಂದು. ರಕ್ಷಣೆ ಇಲ್ಲದ ಭಾಗಗಳನ್ನು ಪಟ್ಟಿ ಮಾಡಿ ಉಳಿದದ್ದನ್ನೆಲ್ಲ ಒಳಗಿಡುವುದು ಇನ್ನೊಂದು. ಎರಡನೆಯದು ದುಬಾರಿ, ಆದರೆ ಕೊಳ್ಳಲು ಯೋಗ್ಯವಾದದ್ದು ಅದೇ. ಕಾಗದದ ಹಿಂದೆ ಯಾರು ನಿಂತಿದ್ದಾರೆ ಎಂಬುದು ಇನ್ನೂ ಮುಖ್ಯ. ಪೋರ್ಷೆ ತನ್ನ ಪ್ರಮಾಣಿತ ಹಳೆ ಕಾರುಗಳನ್ನು 111 ಅಂಶಗಳ ತಪಾಸಣೆ ಮಾಡಿ ತನ್ನದೇ ವಾರಂಟಿಯೊಡನೆ ಮಾರುತ್ತದೆ. ಭಾರತದಲ್ಲಿ ಮಾರುತಿ 2001ರಲ್ಲಿ ಟ್ರೂ ವ್ಯಾಲ್ಯೂ ಮಳಿಗೆಗಳನ್ನು ತೆರೆದದ್ದೂ ತಯಾರಕನ ಹೆಸರೇ ಭರವಸೆಯಾಗಲಿ ಎಂಬ ಲೆಕ್ಕದಲ್ಲೇ. ತಯಾರಕನ ಇಂಥ ವಾರಂಟಿ ಸಿಕ್ಕರೆ ಸ್ಪೋರ್ಟ್ಸ್ ಕಾರಿಗೆ ಅದನ್ನು ಕೊಳ್ಳುವುದೇ ಸರಿ. ಹೆಸರೇ ಕೇಳಿರದ ಮೂರನೆಯವರದ್ದಾದರೆ ಆ ಮೊತ್ತವನ್ನು ದುರಸ್ತಿಗೆಂದು ಬ್ಯಾಂಕಿನಲ್ಲಿ ಎತ್ತಿಡುವುದು ಲೇಸು.

ಇವೆಲ್ಲಕ್ಕೂ ಮೊದಲು ಮಾಡಬೇಕಾದ್ದು ತಪಾಸಣೆ. ಆ ಕಾರಿನ ಜಾತಿ ಬಲ್ಲ, ಮಾರುವವನಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಆಯಿಲ್ ಫಿಲ್ಟರ್ ಕತ್ತರಿಸಿ ಲೋಹದ ಚೂರುಗಳಿವೆಯೇ ನೋಡುತ್ತಾನೆ, ಸಿಲಿಂಡರುಗಳ ಒತ್ತಡ ಸೋರುತ್ತದೆಯೇ ಅಳೆಯುತ್ತಾನೆ, ಬಣ್ಣದ ದಪ್ಪ ಅಳೆದು ಹಳೆಯ ಅಪಘಾತ ಪತ್ತೆ ಮಾಡುತ್ತಾನೆ. ಎಂಜಿನ್ ಮಿತಿ ಮೀರಿ ಎಷ್ಟು ಸಲ ತಿರುಗಿದೆ ಎಂಬ ಲೆಕ್ಕ ಪೋರ್ಷೆಯ ಕಂಪ್ಯೂಟರಿನಲ್ಲೇ ದಾಖಲಾಗಿರುತ್ತದೆ, ಅದನ್ನೂ ಓದಬಹುದು. ಓದಿಗೋ ಉದ್ಯೋಗಕ್ಕೋ ಅಮೆರಿಕಕ್ಕೆ ಹೋಗಿ ಮೊದಲ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವ ಕನ್ನಡಿಗರು ವಾರಂಟಿಯ ಕಾಗದಕ್ಕೆ ಸಹಿ ಹಾಕುವ ಮೊದಲು ಕಿಟಕಿಗೆ ಅಂಟಿಸಿದ ಬೈಯರ್ಸ್ ಗೈಡ್ ಓದಬೇಕು. ಕಾರನ್ನು ನಿಮ್ಮ ಮೆಕ್ಯಾನಿಕ್‌ನಿಂದ ಪರೀಕ್ಷೆ ಮಾಡಿಸಬಹುದೇ ಎಂದು ವ್ಯಾಪಾರಿಯನ್ನು ಕೇಳಿರಿ ಎಂಬ ಸಲಹೆ ಅದರ ಮೇಲೆಯೇ ಅಚ್ಚಾಗಿದೆ.